ತಳ ನೋಡುವ ವರ್ನಾ

ಅಮೆರಿಕದ ಡಕೋಟಾದಲ್ಲಿರುವ ನಮ್ಮೂರ ಕ್ಲಿನಿಕ್ಕಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ವರ್ನಾ ಮೊದಲು ಸಕ್ಕರೆ ಬೀಟ್‌ಗೆಡ್ಡೆಯ ಸುಗ್ಗಿಯಲ್ಲಿ ಲಾರಿ ಓಡಿಸುತ್ತಿದ್ದರು. ಹೊರಡುವ ಮುನ್ನ ಬಗ್ಗಿ ಗಾಡಿಯ ಅಡಿ ನೋಡುವ ಅಭ್ಯಾಸ ಇನ್ನೂ ಹೋಗಿಲ್ಲ.

ಅಂದು ಕ್ಲಿನಿಕ್ಕಿನ ಇಂಟರ್ನೆಟ್ ಕಾಯುವ ಫೈರ್‌ವಾಲ್ ಪೆಟ್ಟಿಗೆಗೆ ಹೊಸ ಸಾಫ್ಟ್‌ವೇರ್ ಹಾಕದಿದ್ದರೆ ದೊಡ್ಡಾಸ್ಪತ್ರೆಯ ಸಂಪರ್ಕ ಸಿಗುತ್ತಿರಲಿಲ್ಲ, ಹೃದಯತಜ್ಞರಿಗೆ ಪರದೆಯಲ್ಲಿ ನನ್ನ ಕೂಸನ್ನು ನೋಡಲು ಆಗುತ್ತಿರಲಿಲ್ಲ.

"ಸಾಫ್ಟ್‌ವೇರ್‌ಗೆ ಹೇಳಿರೋದು ಅದೇ ಮಾಡೆಲ್ ಅಲ್ವಾ ವರ್ನಕ್ಕ, ಬೇಗ ಹಾಕಿ!" ಎಂದೆ.

"ತಾಳಮ್ಮ, ಬರೀ ಹೆಸರು ನೋಡಿ ಮದುವೆ ಆಗ್ತಾರಾ?"

ಪೆಟ್ಟಿಗೆ ಮಗುಚಿ ತಳದ ಚೀಟಿ ಓದಿದರು. ಹೆಸರು ಅದೇ, ತಯಾರಿಕೆ ಹಳೆಯದು. ಹೊಸ ಸಾಫ್ಟ್‌ವೇರ್‌ಗೆ ಮೆಮೊರಿ ಸಾಲದು.

ವರ್ನಾ ಪಕ್ಕದ ಹಲ್ಲಿನ ವಿಭಾಗಕ್ಕೆ ನುಗ್ಗಿ ಅಲ್ಲಿಯ ಅದೇ ಮಾಡೆಲಿನ ಪೆಟ್ಟಿಗೆಯ ತಳ ನೋಡಿದರು. ಹೊಸ ತಯಾರಿಕೆ!

"ಡಾಕ್ಟ್ರೇ, ಇವತ್ತು ಇಂಟರ್ನೆಟ್ ಇಲ್ದೇ ಹಲ್ಲು ಕೀಳಿ!"

ಅದನ್ನು ಬಿಚ್ಚಿ ತಂದು, ನಮ್ಮ ಪೆಟ್ಟಿಗೆಯ ಸೆಟ್ಟಿಂಗ್ ತುಂಬಿಸಿ ಸಾಫ್ಟ್‌ವೇರ್ ಹಾಕಿದರು. ಹಸಿರು ದೀಪ ಹತ್ತಿತು, ಪರದೆಯಲ್ಲಿ ತಜ್ಞರ ಮುಖ ಮೂಡಿತು. ಅಳುತ್ತಿದ್ದ ನನ್ನತ್ತ ವರ್ನಾ ತಿರುಗಿದರು.

"ಅಳೋದು ಬಿಡಮ್ಮ, ಮಗೂನ ಕ್ಯಾಮೆರಾಗೆ ತೋರ್ಸು!"