ಕುಡಿತ ಬಿಡುವ ಸಭೆಗೆ ಮಿಕ್ಸಿ ಸಮೇತ

ಗೆಳೆಯರೇ, ಇವತ್ತು ಚಳ್ಳಕೆರೆಯಲ್ಲಿ ಕುಡಿತ ಬಿಡುವವರ ಸಭೆಗೆ ಮೊದಲ ಸಲ ಹೋಗಿದ್ದೆ. ನಾಲ್ಕು ಸಲ ಆಣೆ ಮಾಡಿ ಮಾತು ತಪ್ಪಿದವನು ನಾನು, ಐದನೆಯದನ್ನು ಹೆಂಡತಿಗೆ ಹೇಳುವ ಧೈರ್ಯವಿರಲಿಲ್ಲ. "ಮಿಕ್ಸಿ ಯಾಕೋ ಸದ್ದು ಮಾಡ್ತೈತೆ, ರಿಪೇರಿ ಮಾಡಿಸ್ಕಂಡು ಬರ್ತೀನಿ" ಎಂದು ಮಿಕ್ಸಿಯನ್ನು ಚೀಲಕ್ಕೆ ತುಂಬಿಕೊಂಡು ತಳಕಿನಲ್ಲಿ ಬಸ್ಸು ಹತ್ತಿದೆ.

ಸಭೆ ನಡೆಸುವವರು ಮೊದಲೇ ಹೇಳಿದರು: "ಇಲ್ಲಿ ಹೆಸರು ಸಾಕು. ಊರು, ಮನೆತನ ಯಾರೂ ಕೇಳಂಗಿಲ್ಲ." ನೆಮ್ಮದಿಯಾಯಿತು. ಎದ್ದು ನಿಂತು, "ನಾನು ತಿಪ್ಪೇಸ್ವಾಮಿ, ಕುಡಿಯೋದು ಬಿಟ್ಟು ಒಂಬತ್ತು ದಿನ ಆತು" ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಸಭೆ ಮುಗಿದು ಟೀ ಕುಡಿಯುವಾಗ ಪಕ್ಕದ ಹಿರಿಯರೊಬ್ಬರಿಗೆ ತಡೆಯಲಾಗಲಿಲ್ಲ.

"ಯಾವೂರಪ್ಪ? ಹೆಣ್ಣು ಎಲ್ಲಿಂದ ತಂದೀರಿ?"

ಸಿದ್ದಾಪುರ ಎಂದು ಬಾಯಿ ತಪ್ಪಿ ಹೇಳಿದೆ. ಯಾರ ಮನೆ, ಯಾರ ಮಗಳು ಎಂದು ಕೇಳುತ್ತಾ ಹೋದವರು, "ಹಂಗಾರೆ ನಿನ್ನ ಹೆಂಡ್ತಿ ನಂಗೆ ಸೊಸೆ ಆಗ್ಬೇಕು! ಫೋನ್ ಹಚ್ಚು" ಎಂದರು. ಹೆಂಡತಿ ಕಡೆಯ ಹಿರಿಯರು ಕೇಳಿದರೆ ಇಲ್ಲ ಎನ್ನಲಾಗುತ್ತದೆಯೇ? ಸ್ಪೀಕರ್ ಹಾಕಿ ಹಚ್ಚಿಕೊಟ್ಟೆ.

"ಅವ್ವಾ, ನಿನ್ನ ಗಂಡ ಕುಡಿಯೋದು ಬಿಡೋ ಸಭೆಗೆ ಬಂದಾನೆ. ತೊಡೆ ಮೇಲೆ ಯಾಕೋ ಮಿಕ್ಸಿ ಇಟ್ಕಂಡು ಕುಂತಾನೆ."

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು.

"ಮಾವಾ, ಆ ಮಿಕ್ಸಿಗೆ ಏನೂ ಆಗಿಲ್ಲ ಅಂತ ನಂಗೂ ಗೊತ್ತಿತ್ತು. ಅವ್ರು ಮುಂದಿನ ವಾರನೂ ಬರ್ತೀನಿ ಅಂದ್ರೆ ಕಲ್ಲಿನ ಗ್ರೈಂಡರೇ ಕೊಟ್ಟು ಕಳಿಸ್ತೀನಿ."

ಮುಂದಿನ ವಾರ ತಳಕಿನ ಬಸ್ಸಿನಲ್ಲಿ ಗ್ರೈಂಡರ್ ಹೊತ್ತವನು ಕಂಡರೆ, ದಯವಿಟ್ಟು ಸೀಟು ಬಿಟ್ಟುಕೊಡಿ.