ಮೂರು ಇಳಿತ, ತಡೆದು ಎರಡು

ದೆವ್ವ, ಶಕುನ, ಸೂಚನೆ ಇವನ್ನೆಲ್ಲ ನಾನು ನಂಬಿದವಳಲ್ಲ. ಯಾರಾದರೂ ಹೇಳಲು ಕೂತರೆ ಸಾಕ್ಷಿ ಎಲ್ಲಿ ಎಂದು ಮುಖಕ್ಕೆ ಹೊಡೆದ ಹಾಗೆ ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನಗುವವರು ನಗಲಿ.

ನನಗೆ ಆಟಿಸಂ ಇದೆ. ಗದ್ದಲ ಆಗದು, ಯಾರಾದರೂ ಮೈ ಮುಟ್ಟಿದರೂ ಆಗದು. ಅಪ್ಪ ನೌಕಾಪಡೆಯಲ್ಲಿದ್ದರು, ಹಾಗಾಗಿ ಬೆಳೆದದ್ದು ವಿಶಾಖಪಟ್ಟಣದಲ್ಲಿ. ಋಷಿಕೊಂಡದ ಕಡಲ ದಂಡೆಯಲ್ಲಿ ಜನ ಹೆಚ್ಚಾಗಿ ನಾನು ಕಿವಿ ಮುಚ್ಚಿಕೊಂಡು ಕೂತಾಗ ಅಪ್ಪ ಬೆನ್ನ ಮೇಲೆ ಮೆಲ್ಲಗೆ ತಟ್ಟುತ್ತಿದ್ದರು. ಮೂರು ಸಲ, ತಡೆದು ಎರಡು ಸಲ. ನಾನು ಇಲ್ಲೇ ಇದ್ದೇನೆ ಎಂದರ್ಥ. ಅದು ನಮ್ಮಿಬ್ಬರ ಗುಟ್ಟು, ಅಮ್ಮನಿಗೂ ಗೊತ್ತಿರಲಿಲ್ಲ. ಅವರ ಕೈಯೊಂದನ್ನೇ ನನ್ನ ಮೈ ಸಹಿಸುತ್ತಿತ್ತು.

ಬ್ಯಾಂಕಿನ ಕೆಲಸ ಸಿಕ್ಕಿ ವಿಜಯವಾಡಕ್ಕೆ ಬಂದೆ. ಬೆಂಜ್ ಸರ್ಕಲ್ ಹತ್ತಿರ ಒಂದು ಕೋಣೆ, ಕಿಟಕಿಗೆ ದಪ್ಪ ಪರದೆ. ಭಾನುವಾರವಿಡೀ ಒಂದು ಮಾತೂ ಆಡದೆ ಕಳೆಯುತ್ತಿತ್ತು. ಆಗ ಹಿಡಿದದ್ದು ಈ ಹವ್ಯಾಸ. ವಿಜ್ಞಾನಿಗಳು ನಕ್ಷತ್ರಗಳ ಬೆಳಕಿನ ಏರಿಳಿತ ತೋರಿಸುವ ಗೆರೆಗಳನ್ನು ಇಂಟರ್ನೆಟ್ಟಿನಲ್ಲಿ ಹಾಕುತ್ತಾರೆ, ನಮ್ಮಂಥ ಸಾಮಾನ್ಯರು ನೋಡಿ ಗುರುತು ಮಾಡಿಕೊಡಬೇಕು. ನಕ್ಷತ್ರದ ಮುಂದೆ ಗ್ರಹವೊಂದು ಅಡ್ಡ ಹಾದರೆ ಗೆರೆ ಒಂಚೂರು ಇಳಿಯುತ್ತದೆ. ಇಳಿತಗಳು ಸಮ ಅಂತರದಲ್ಲಿದ್ದರೆ ಗ್ರಹ ಇರಬಹುದು. ಅಂತರ ತಪ್ಪಿದ್ದರೆ ಉಪಕರಣದ ದೋಷ ಎಂಬ ಗುಂಡಿ ಒತ್ತಿ ಮುಂದೆ ಹೋಗಬೇಕು. ನನಗೆ ನಿಯಮವೆಂದರೆ ಪ್ರಾಣ.

ಕೆಲವು ವರ್ಷಗಳ ಹಿಂದಿನ ಮಾತು. ಅಪ್ಪ ತಪಾಸಣೆಗೆಂದು ವಿಶಾಖಪಟ್ಟಣದ ಆಸ್ಪತ್ರೆಗೆ ಸೇರಿದ್ದರು, ಗಾಬರಿಯೇನಿಲ್ಲ ಎಂದಿದ್ದರು. ಭಾನುವಾರ ಸಂಜೆ ನಾಲ್ಕರ ಸುಮಾರಿಗೆ ಕಂಪ್ಯೂಟರಿನ ಪರದೆಯ ಮೇಲೆ ಒಂದು ಗೆರೆ ಬಂತು. ಮೂರು ಇಳಿತ, ನಡುವೆ ಖಾಲಿ, ಎರಡು ಇಳಿತ. ನನ್ನ ಬೆನ್ನು ಜುಮ್ಮೆಂದಿತು. ಅಪ್ಪನಿಗೆ ಫೋನ್ ಮಾಡೋಣ ಎನಿಸಿತು. ಆದರೆ ಅಂತರ ಸಮ ಇರಲಿಲ್ಲವಲ್ಲ. ನೋಟ್‌ಬುಕ್ಕಿನಲ್ಲಿ ನಕ್ಷತ್ರದ ಸಂಖ್ಯೆ ಬರೆದು, ಪಕ್ಕದಲ್ಲಿ 'ಮೂರು, ಎರಡು, ದೋಷ' ಎಂದು ಗೀಚಿ, ಗುಂಡಿ ಒತ್ತಿದೆ. ಮುಂದಿನ ನಕ್ಷತ್ರ ಬಂತು.

ಆರು ಗಂಟೆಗೆ ಅಮ್ಮನ ಫೋನ್. ಅಪ್ಪ ಹೋಗಿಬಿಟ್ಟಿದ್ದರು.

ಕರ್ಮವೆಲ್ಲ ಮುಗಿದ ಮೇಲೆ ಅಮ್ಮ ತನ್ನ ಧಾರವಾಡದ ಮಾತಿನಲ್ಲಿ ಹೇಳಿದಳು: "ನಾಕ ಗಂಟೆ ಸುಮಾರಿಗೆ ಹಾಸಿಗಿ ಕಂಬಿ ಮ್ಯಾಲೆ ಬಡೀಲಿಕ್ಕತ್ತಿದ್ರವ್ವಾ. ಮೂರು ಸಲ, ತಡದು ಎರಡು ಸಲ. ನೀರ ಬೇಕೇನೋ ಅಂತ ನಾ ನೀರ ಕೊಟ್ಟೆ."

ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕದ ನಾನು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ಆಗ ಫೋನ್ ಮಾಡಿದ್ದರೆ ಅಪ್ಪನಿಗೆ ನನ್ನ ದನಿಯಾದರೂ ಕೇಳುತ್ತಿತ್ತು.

ವಿಜಯವಾಡಕ್ಕೆ ಮರಳಿ ಆ ಸಂಖ್ಯೆ ಹಾಕಿ ನೋಡಿದೆ. ಗೆರೆ ನೇರವಾಗಿತ್ತು, ಒಂದು ಇಳಿತವೂ ಇರಲಿಲ್ಲ. ಸಂಖ್ಯೆ ತಪ್ಪಿ ಬರೆದೆನೇ? ಅಂಕಿ ತಪ್ಪುವವಳಲ್ಲ ನಾನು. ಇಲ್ಲದ ಕಡೆಯೂ ನನಗೆ ಏನೋ ಕಂಡಿತೇ? ಇರಬಹುದು. ಆದರೆ ಅಮ್ಮ ಹೇಳುವ ಮೊದಲೇ ಬರೆದ ಸಾಲು ನನ್ನ ಅಕ್ಷರದಲ್ಲೇ ಇದೆ. ಎಷ್ಟು ಯೋಚಿಸಿದರೂ ಬಗೆಹರಿದಿಲ್ಲ.

ಈಗಲೂ ಭಾನುವಾರ ಕೂರುತ್ತೇನೆ. ಅಂತರ ತಪ್ಪಿದ ಇಳಿತ ಕಂಡರೆ ದೋಷ ಎಂದು ಒತ್ತುವ ಮೊದಲು ಅಮ್ಮನಿಗೆ ಫೋನ್ ಮಾಡುತ್ತೇನೆ. ಯಾಕೆ ಎಂದು ಅವಳು ಕೇಳುವುದಿಲ್ಲ. "ಇಲ್ಲೇ ಅದೀನವ್ವಾ, ಹೇಳು" ಎನ್ನುತ್ತಾಳೆ.