ಉರ್ಷುಲೆ ದೊಡ್ಡಮ್ಮ ಬಿಡಿಸಿದ ಜಟೆ

ನಮ್ಮ ನದಿಯ ಈಚೆ ದಡದಲ್ಲಿ ಅಗಸೆ ನಾರು ಬಾಚುವುದರಲ್ಲಿ ಉರ್ಷುಲೆ ದೊಡ್ಡಮ್ಮನನ್ನು ಮೀರಿಸಿದವರಿರಲಿಲ್ಲ. ಈ ಮಾತನ್ನು ಊರಿಗೆಲ್ಲ ಮೊದಲು ಹೇಳಿದವಳೂ ಅವಳೇ. ಬಾಯಿ ಜೋರು, ಮೂಗಿನ ತುದಿಯಲ್ಲೇ ಕೋಪ, ಜಂಬಕ್ಕಂತೂ ಕೊರತೆಯಿಲ್ಲ. ಆದರೂ ನಾನು ಅವಳ ಹೆಸರು ಹೇಳುವಾಗ ಈ ವಯಸ್ಸಿನಲ್ಲೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತೇನೆ.

ನನ್ನ ಮದುವೆ ಗೊತ್ತಾಗಿದ್ದ ಚಳಿಗಾಲದಲ್ಲಿ ಆರು ವಾರ ಜ್ವರ ಬಂದು ಮಲಗಿದ್ದೆ. ಎದ್ದಾಗ ಸೊಂಟದವರೆಗಿನ ಕೂದಲೆಲ್ಲ ಒಂದೇ ಮುದ್ದೆಯಾಗಿ ಜಟೆಗಟ್ಟಿತ್ತು. ದೇಹದ ರೋಗ ಹೊರಬಂದು ಜಟೆಯಲ್ಲಿ ಕೂರುತ್ತದೆ, ಕತ್ತರಿ ಹಾಕಿದರೆ ಅದು ಕಣ್ಣಿಗಿಳಿದು ಕುರುಡಾಗುತ್ತಾರೆ ಎಂಬುದು ನಮ್ಮವರ ನಂಬಿಕೆ. ಅಮ್ಮ ಕತ್ತರಿಯ ಹೆಸರೆತ್ತಲೂ ಬಿಡಲಿಲ್ಲ. ವಿಷಯ ತಿಳಿದು ಕಾಜಿಮಿಯೆರಾಸನ ತಾಯಿ ಡೊಮಿತ್ಸೆಲೆ, ಅಂದರೆ ನನ್ನ ಅತ್ತೆಯಾಗಬೇಕಾದವಳು, ನಮ್ಮ ಹೊಸಿಲಲ್ಲಿ ಬಂದು ನಿಂತಳು.

"ಮದುವೆ ದಿನ ಹೆಣ್ಣಿನ ಜಡೆ ಬಿಚ್ಚಿ ಬಾಚೋ ಶಾಸ್ತ್ರ ಆಗ್ಬೇಕು. ಇವಳ ತಲೇಲಿ ಬಿಚ್ಚೋಕೇನಿದೆ? ಭಾನುವಾರದೊಳಗೆ ಬಾಚಣಿಗೆ ಓಡಿದ್ರೆ ಮದುವೆ. ಇಲ್ದಿದ್ರೆ ಉಪವಾಸದ ದಿನ ಶುರುವಾಗುತ್ತೆ, ಆಗ ಮದುವೆ ಮಾಡೋ ಹಾಗಿಲ್ಲ, ನಾವು ಬೇರೆ ಹೆಣ್ಣು ನೋಡ್ಕೋತೀವಿ."

ನನಗೆ ಕಾಜಿಮಿಯೆರಾಸ್ ಬೇಕಾಗಿತ್ತು. ಎರಡು ದಿನ ಅಳುತ್ತಲೇ ಕಳೆದೆ. ಗುರುವಾರ ಬೆಳಿಗ್ಗೆ ಅಮ್ಮ ದೊಡ್ಡಮ್ಮನನ್ನು ಕರೆತಂದಳು. ದೊಡ್ಡಮ್ಮ ನನ್ನ ತಲೆ ಮುಟ್ಟಿ ನೋಡಿ, ಅಮ್ಮನ ಮೇಲೆ ಹರಿಹಾಯ್ದಳು.

"ಏನೇ ಅಗೋತಾ, ಜ್ವರ ಬಂದೋಳಿಗೆ ಮೊದ್ಲು ಜಡೆ ಹೆಣೀಬೇಕು, ಆಮೇಲೆ ಪಾದ್ರೀನ ಕರೀಬೇಕು. ನೀನು ತಿರುಗಾಮುರುಗಾ ಮಾಡಿದ್ದೀಯಲ್ಲೇ!"

"ಮಗಳು ಸತ್ತೇ ಹೋಗ್ತಾಳೆ ಅನ್ಕೊಂಡಿದ್ದೆ ಅಕ್ಕ."

"ಸತ್ತಿದ್ರೂ ತಲೆ ಬಾಚಲೇಬೇಕಿತ್ತಲ್ಲ!"

"ಕತ್ತರಿ ಮಾತ್ರ ಮುಟ್ಬೇಡ ಅಕ್ಕ, ನಿನ್ ಕಾಲಿಗೆ ಬೀಳ್ತೀನಿ."

"ಕತ್ತರಿ ಇರೋದು ಕೈಲಾಗದೋರಿಗೆ," ಎಂದಳು ದೊಡ್ಡಮ್ಮ.

ಅಗಸೆ ಬೀಜ ಬೇಯಿಸಿದ ಲೋಳೆನೀರಿನಲ್ಲಿ ಜಟೆ ನೆನೆಸಿ, ಬಾತುಕೋಳಿಯ ಕೊಬ್ಬು ಸವರಿ, ಒಲೆಯ ಪಕ್ಕ ನನ್ನ ಹಿಂದೆ ಕೂತಳು. ಮೊದಲು ಮುದ್ದೆಯನ್ನು ಬೆರಳಲ್ಲೇ ಉದ್ದುದ್ದಕ್ಕೆ ಸೀಳಿ ಸಣ್ಣ ಸಣ್ಣ ಎಳೆ ಮಾಡಿದಳು. ಆಮೇಲೆ ಒಂದೊಂದು ಎಳೆಯನ್ನೂ ಗಂಟಿನ ಮೇಲ್ಗಡೆ ಬಿಗಿಯಾಗಿ ಹಿಡಿದು, ಬುಡಕ್ಕೆ ನೋವಾಗದ ಹಾಗೆ, ಕೊಂಬಿನ ಸೂಜಿಯಿಂದ ತುದಿಯನ್ನು ಬಿಡಿಸಿದಳು.

"ನಾರಾಗ್ಲಿ ಕೂದಲಾಗ್ಲಿ, ತುದಿಯಿಂದ ಶುರು ಮಾಡಿ ಬುಡದ ಕಡೆ ಹೋಗ್ಬೇಕು. ಬುಡದಿಂದ ಎಳೆದ್ಯೋ, ಗಂಟೆಲ್ಲ ಒಂದೇ ಕಡೆ ಸೇರ್ಕೊಂಡು ಪಂಚಾಯ್ತಿ ಮಾಡ್ತವೆ," ಎನ್ನುತ್ತಿದ್ದಳು.

ಗುರುವಾರ, ಶುಕ್ರವಾರ ಹೀಗೇ ಕಳೆದವು. ರೈ ಧಾನ್ಯದ ರೊಟ್ಟಿ, ಮೊಸರು ತಿನ್ನುವಷ್ಟು ಹೊತ್ತು ಬಿಟ್ಟರೆ ಅವಳು ಎದ್ದವಳಲ್ಲ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಕೂದಲು ಮತ್ತೆ ಸೊಂಟಕ್ಕಿಳಿದಿತ್ತು. ಎಡಗಿವಿಯ ಹಿಂದೆ ಆಕ್ರೋಟು ಗಾತ್ರದ ಒಂದು ಗಂಟು ಮಾತ್ರ ಉಳಿಯಿತು. ಅದು ಸೂಜಿಗೂ ಬಗ್ಗಲಿಲ್ಲ, ಉಗುರಿಗೂ ಬಗ್ಗಲಿಲ್ಲ. ಅಮ್ಮ ಹಾಲು ಕರೆಯಲು ಹೋಗಿದ್ದಳು.

"ಕತ್ತರಿಸಿಬಿಡು ದೊಡ್ಡಮ್ಮ," ಎಂದು ಪಿಸುಗುಟ್ಟಿದೆ. "ಯಾರಿಗೆ ಗೊತ್ತಾಗುತ್ತೆ?" ಕಣ್ಣು ಹೋಗುವ ಹೆದರಿಕೆ ನನಗೂ ಇತ್ತು. ಕಾಜಿಮಿಯೆರಾಸ್ ಕೈತಪ್ಪುವ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು.

ಅವಳು ಸೂಜಿ ಕೆಳಗಿಟ್ಟಳು. "ಜೀವಮಾನವೆಲ್ಲ ಜಂಬ ಕೊಚ್ಚಿದ್ದೀನಿ ಕಣೇ. ಕದ್ದು ಗೆದ್ರೆ ಅಷ್ಟೂ ಸುಳ್ಳಾಗುತ್ತೆ."

ಅಮ್ಮ ಒಳಗೆ ಬಂದೊಡನೆ ದೊಡ್ಡಮ್ಮ ಎದ್ದು ನಿಂತಳು. "ಅಗೋತಾ, ಸೋತೆ. ಒಂದು ಗಂಟು ನನ್ ಕೈಲಾಗ್ಲಿಲ್ಲ."

ಆ ಮಾತು ಅವಳ ಬಾಯಲ್ಲಿ ಬಂದದ್ದನ್ನು ನಾವು ಅದುವರೆಗೆ ಕೇಳಿರಲಿಲ್ಲ. ಅಮ್ಮ ಹಾಲಿನ ಪಾತ್ರೆ ಹಿಡಿದುಕೊಂಡೇ ನಿಂತಳು.

"ನಾನಿಲ್ದಾಗ ಕತ್ತರಿಸಿಬಿಡಬಹುದಿತ್ತಲ್ಲ ಅಕ್ಕ."

"ಬಹುದಿತ್ತು."

"ಕಣ್ಣು ಹೋಗಲ್ಲ ಅಂತೀಯಾ?"

"ಹೋಗಲ್ಲ ಅಂತೀನಿ."

ಜ್ವರ ನೋಡಲು ಬಂದಿದ್ದ ಡಾಕ್ಟರು ಇದನ್ನೇ ಹೇಳಿದಾಗ ಅಮ್ಮ ನಂಬಿರಲಿಲ್ಲ, ಪಾದ್ರಿ ಹೇಳಿದಾಗಲೂ ನಂಬಿರಲಿಲ್ಲ. ಈಗ, ಸೋಲನ್ನೂ ಮುಚ್ಚಿಡದ ಅಕ್ಕನ ಮಾತು ನಂಬಿ, ಕತ್ತರಿ ತಂದು, ತನ್ನ ಕೈಯಾರೆ ಆ ಗಂಟನ್ನು ಕತ್ತರಿಸಿದಳು. ಕತ್ತರಿ ಕೆಳಗೆ ಬಿತ್ತು. ನನ್ನ ಕೆನ್ನೆ ಎರಡೂ ಹಿಡಿದು, "ರೊಜೀತೆ, ನಾನು ಕಾಣ್ತಿದ್ದೀನಾ?" ಎಂದಳು.

"ಕಾಣ್ತಿದ್ದೀಯಮ್ಮ. ಅಳ್ತಿದ್ದೀಯ."

ಭಾನುವಾರ ನೆಂಟರೆಲ್ಲರ ಎದುರು ಡೊಮಿತ್ಸೆಲೆ ನನ್ನ ಜಡೆ ಬಿಚ್ಚಿ ನೆತ್ತಿಯಿಂದ ಸೊಂಟದವರೆಗೆ ಬಾಚಣಿಗೆ ಓಡಿಸಿದಳು. ಎಲ್ಲೂ ತಡೆಯಲಿಲ್ಲ. "ಭೇಷ್ ಉರ್ಷುಲೆ! ಕತ್ತರಿ ಸೋಕಿಸದೆ ಬಿಡಿಸಿದ್ದೀಯಲ್ಲ," ಎಂದು ಹೊಗಳಿದಳು.

ಅಷ್ಟಕ್ಕೆ ಸುಮ್ಮನಿರಬಹುದಿತ್ತು. ದೊಡ್ಡಮ್ಮ ತುಂಬಿದ ಮನೆಯ ನಡುವೆ ಎದ್ದು ನಿಂತಾಗ ಅವಳ ಬಾಯಿಗೆ ಬಟ್ಟೆ ತುರುಕಬೇಕೆನ್ನಿಸಿತು ನನಗೆ.

"ಒಂದು ಗಂಟು ನಂಗೆ ಬಿಡಿಸೋಕಾಗ್ಲಿಲ್ಲ. ಅದನ್ನ ಅಗೋತಾನೇ ನಿನ್ನೆ ಕತ್ತರೀಲಿ ತೆಗೆದ್ಲು. ಹುಡುಗಿ ಕಣ್ಣು ಹೇಗಿವೆ, ನೀವೇ ನೋಡ್ಕೊಳ್ಳಿ."

ಮನೆ ತುಂಬ ಜನ ಬಗ್ಗಿ ಬಗ್ಗಿ ನನ್ನ ಕಣ್ಣು ನೋಡಿದರು. ಡೊಮಿತ್ಸೆಲೆಯೂ ನೋಡಿ, ಮತ್ತೆ ಬಾಚಣಿಗೆ ಎತ್ತಿಕೊಂಡು ಶಾಸ್ತ್ರ ಮುಂದುವರಿಸಿದಳು. ನಾನು ಬಾಗಿಲ ಹತ್ತಿರ ನಿಂತಿದ್ದ ಕಾಜಿಮಿಯೆರಾಸನನ್ನು ನೋಡುತ್ತಿದ್ದೆ.